ಟ್ರಿಪ್ಪರ್ ಬಿದ್ದ ಸಂಜೆ

ನಮ್ಮ ಮನೆಯ ಮೀಟರ್ ಬೋರ್ಡಿನ ಪಕ್ಕ ಬಿಳಿ ಡಬ್ಬಿಯೊಂದನ್ನು ಕೂರಿಸಿ ವಾರವಾಗಿತ್ತು. ಎಲ್ಲಾದರೂ ಕರೆಂಟು ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಇಡೀ ಮನೆಯ ಸಂಪರ್ಕ ಕಡಿದುಹಾಕುವ ಸ್ವಿಚ್ಚು ಅದು. ಊರಲ್ಲಿ ಟ್ರಿಪ್ಪರ್ ಅನ್ನುತ್ತಾರೆ. ಹಿತ್ತಲ ನಲ್ಲಿಯಲ್ಲಿ ಪಾತ್ರೆ ತೊಳೆಯುತ್ತಿದ್ದ ಅಮ್ಮನನ್ನು ಕರೆಂಟು ಜಾಡಿಸಿ ಕಲ್ಲಿನ ಮೇಲೆ ಕೆಡವಿದ ಮಾರನೆಯ ದಿನ ನಾನೇ ಎಲೆಕ್ಟ್ರಿಷಿಯನ್ ಯುವರಾಜನನ್ನು ಕರೆದು ಹಾಕಿಸಿದ್ದೆ. ಅಂದಿನಿಂದ ಅದು ಬೆಳಿಗ್ಗೆಯೊಮ್ಮೆ, ಸಂಜೆಯೊಮ್ಮೆ ತಪ್ಪದೆ ಬೀಳುತ್ತಿತ್ತು.

"ಎಲ್ಲೋ ಲೀಕ್ ಐತೆ ಮೇಡಂ. ಅದ್ಕೇ ಬೀಳ್ತಿರೋದು. ಮನೆಯೆಲ್ಲಾ ತಡಕ್ಬೇಕು, ಇಲ್ಲಾಂದ್ರೆ ಹಳೇ ವೈರಿಂಗ್ ಪೂರ್ತಿ ಕಿತ್ತಾಕ್ಬೇಕು" ಅಂದಿದ್ದ ಯುವರಾಜ.

ಕೀಳುವ ಮಾತೆತ್ತಿದರೆ ಅಪ್ಪನಿಗೆ ಮೈ ಉರಿಯುತ್ತಿತ್ತು. ಮಧುಗಿರಿ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನಮ್ಮಪ್ಪ ಚನ್ನಮಲ್ಲಯ್ಯನವರಿಗೆ ಮನೆಯ ವೈರಿಂಗ್ ಎಂದರೆ ಅರ್ಧ ತಮ್ಮದೇ ಕೈಕೆಲಸ. ತೇಗದ ಪಟ್ಟಿಯ ಮೇಲೆ ಸಾಲಾಗಿ ಸಾಗುವ ತಂತಿ ಎಲ್ಲಿ ಕಡಿದರೂ ತಾವೇ ಸ್ಟೂಲು ಹತ್ತಿ, ಔಷಧಿ ಅಂಗಡಿಯ ಬಿಳಿ ಪ್ಲಾಸ್ಟರ್ ಸುತ್ತಿ ಇಳಿಯುತ್ತಿದ್ದರು. ನಮ್ಮ ಗೋಡೆಗಳು ಆಸ್ಪತ್ರೆಯಿಂದ ಅರ್ಧಕ್ಕೇ ಎದ್ದುಬಂದವರಂತೆ ಕಾಣುತ್ತಿದ್ದವು.

"ನಿಮ್ಮಜ್ಜನ ಕಾಲದಿಂದ ಏನೂ ಆಗಿಲ್ಲ. ಈ ಡಬ್ಬಿ ಬಂದ್ಮೇಲೇ ಕಾಯಿಲೆ ಶುರುವಾಗಿದ್ದು. ಭಾನುವಾರ ನಿನ್ನ ನೋಡಕ್ಕೆ ಬರೋ ನೆಂಟ್ರ ಮುಂದೆ ಬಿತ್ತೋ, ಸೋಮವಾರ ಕಿತ್ಸಿ ಡೈರೆಕ್ಟ್ ಕೊಡಿಸ್ಬುಡ್ತೀನಿ ಕಣಮ್ಮ. ಆಮೇಲೆ ಬೇಜಾರ್ ಮಾಡ್ಕೋಬ್ಯಾಡ" ಅಂದರು.

ನಾನು ಸುಮ್ಮನಿದ್ದೆ. ಸುಮ್ಮನಿರುವುದು ನನಗೆ ಚೆನ್ನಾಗಿ ಬರುತ್ತದೆ. ಹಿಂದೊಮ್ಮೆ ನನ್ನನ್ನು ನೋಡಲು ಕೊರಟಗೆರೆಯಿಂದ ಬಂದವರು ಹೋಗುವಾಗ ಅಮ್ಮನನ್ನು ಪಕ್ಕಕ್ಕೆ ಕರೆದು, "ಹುಡ್ಗೀಗೆ ಮಾತು ಬರುತ್ತೆ ತಾನೆ?" ಎಂದು ಕೇಳಿದ್ದರು. "ಕಾಲೇಜಲ್ಲಿ ಪಾಠ ಮಾಡ್ತಾಳೆ ಕಣ್ರೀ" ಎಂದು ಅಮ್ಮ ಅಳುವಂತಾಗಿದ್ದಳು. ಈ ಭಾನುವಾರದ ಸಂಬಂಧ ಕೂಡುತ್ತದೋ ಇಲ್ಲವೋ ಎಂಬುದಕ್ಕಿಂತ, ಡಬ್ಬಿ ಕಿತ್ತ ಮೇಲೆ ಒದ್ದೆ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಲ್ಲುವ ಅಮ್ಮನದೇ ನನಗೆ ಚಿಂತೆಯಾಗಿತ್ತು.

ಬಂದವರು ಶಿರಾದವರು. ಕಡಲೆಕಾಯಿ ಎಣ್ಣೆ ಮಿಲ್ಲು ನಡೆಸುವ ಹುಡುಗ ರೇಣುಕಪ್ರಸಾದ್, ಅವರ ತಾಯಿ ಶಿವರುದ್ರಮ್ಮ, ಸೋದರಮಾವ ಗಂಗಾಧರಯ್ಯ. ಅಪ್ಪ ಫ್ಯಾನು, ಕೂಲರು, ಟಿವಿ ಎಲ್ಲವನ್ನೂ ಹಚ್ಚಿ ಕೂತಿದ್ದರು. ಒಳಗೆ ಚಟ್ನಿಯ ಮಿಕ್ಸಿ ಗಿರ್ರೆನ್ನುತ್ತಿತ್ತು. ನಾನು ಕಾಫಿ ಕೊಟ್ಟು ಕೂತೆ. ರೇಣುಕಪ್ರಸಾದ್ ಕೂಡ ಲೋಟ ನೋಡುತ್ತಾ ಕೂತರು. ಇಬ್ಬರ ಪರವಾಗಿ ಗಂಗಾಧರಯ್ಯನವರೇ ಮಾತಾಡುತ್ತಿದ್ದರು.

ಹೊತ್ತು ಮುಳುಗುತ್ತಿದ್ದಂತೆ ಟಪ್ ಎಂದಿತು.

ಕೂಲರಿನ ಗದ್ದಲ ನಿಂತಿತು. ಫ್ಯಾನು ನಿಧಾನವಾಗುತ್ತಾ ಬಂತು. ದಿನವಿಡೀ ಗುಂಯ್‌ಗುಡುವ ಫ್ರಿಜ್ಜು ಬಾಯಿ ಮುಚ್ಚಿದ ಮೇಲೆ, ಬೀದಿಯಲ್ಲಿ ಯಾರೋ ಚಪ್ಪಲಿ ಎಳೆದು ನಡೆಯುವುದು ಕೇಳಿಸಿತು. ಬೇರೆ ದಿನವಾಗಿದ್ದರೆ ನಾನು ಆ ಮೌನದಲ್ಲಿ ಹಾಯಾಗಿ ಕೂತಿರುತ್ತಿದ್ದೆ.

"ಟ್ರಿಪ್ಪರಾ?" ಗಂಗಾಧರಯ್ಯ ನಕ್ಕರು. "ನಮ್ಮನೇಲೂ ಹಾಕಿದ್ರು. ಕಾಟ ತಡೀಲಾರ್ದೆ ಕಿತ್ತು ಬಿಸಾಕ್ದೆ. ಈಗ ಆರಾಮು."

ಅಪ್ಪ ನನ್ನತ್ತ ತಿರುಗಿದರು. "ಕೇಳಿಸ್ತೇನಮ್ಮ?"

ಆಗ ರೇಣುಕಪ್ರಸಾದ್ ಲೋಟ ಕೆಳಗಿಟ್ಟರು. "ಕೀಳೋ ಮುಂಚೆ ಯಾವುದರಿಂದ ಬೀಳ್ತಿದೆ ಅಂತ ನೋಡಬೋದಲ್ವಾ? ನಮ್ಮ ಮಿಲ್ಲಲ್ಲಿ ಹಿಂಗೇ ಆಗಿತ್ತು. ಎಲ್ಲಾ ಆರಿಸಿ, ಒಂದೊಂದೇ ಹಾಕ್ಕೊಂಡು ಬಂದ್ವಿ."

"ಅಯ್ಯೋ, ನೆಂಟ್ರು ನೀವು, ಸುಮ್ನೆ ಕೂತ್ಕಳಿ" ಅಂದರು ಅಪ್ಪ.

ನಾನು ಎದ್ದೆ. "ಬನ್ನಿ, ಅಡುಗೆಮನೆಯಿಂದ ಶುರು ಮಾಡೋಣ."

ಶಿವರುದ್ರಮ್ಮ ತಮ್ಮ ಗಂಗಾಧರಯ್ಯನವರ ಮುಖ ನೋಡಿ, "ಮಾತಾಡ್ತಾಳಲ್ಲೋ" ಅಂದದ್ದು ಎಲ್ಲರಿಗೂ ಕೇಳಿಸಿತು.

ಎಲ್ಲ ಸ್ವಿಚ್ಚುಗಳನ್ನು ಆರಿಸಿ ಡಬ್ಬಿಯ ಕಡ್ಡಿ ಮೇಲೆತ್ತಿದೆವು. ನಿಂತಿತು. ಮೊದಲು ಮಿಕ್ಸಿ ಹಾಕಿದೆ. ಬೀಳಲಿಲ್ಲ.

"ಚಟ್ನಿ ತಪ್ಪಿಲ್ಲ" ಅಂದರು ರೇಣುಕಪ್ರಸಾದ್.

"ಫ್ರಿಜ್ ಮೇಲೆ ಅಪ್ಪನಿಗೆ ಗುಮಾನಿ. ಅಮ್ಮನ ತೌರಿಂದ ಬಂದಿದ್ದು."

"ಹಂಗಾದ್ರೆ ಇದು ಬೀಳದಿದ್ರೆ ಒಳ್ಳೇದು. ಇಲ್ಲಾಂದ್ರೆ ನಾವು ಹೋದ್ಮೇಲೆ ಇಲ್ಲಿ ಜಗಳ."

ಅದೂ ಬೀಳಲಿಲ್ಲ. ಸ್ನಾನದ ಮನೆಯ ಗೀಸರು, ನಡುಮನೆಯ ಕೂಲರು, ಟಿವಿ, ಮೋಟಾರು, ಒಂದೊಂದನ್ನೂ ಹಾಕುತ್ತಾ ಕೋಣೆಯಿಂದ ಕೋಣೆಗೆ ನಡೆದೆವು. ಮಿಲ್ಲಿನ ಸದ್ದಿನಲ್ಲಿ ಬೆಳೆದವರಿಗೆ ಮೆಲ್ಲಗೆ ಮಾತಾಡುವುದೇ ಬರುವುದಿಲ್ಲವೆಂದು ಅವರು ಮೆಲ್ಲಗೆ ಹೇಳಿದರು. ನಾನು ಜೋರಾಗಿ ನಕ್ಕೆ. ಕೊನೆಗೆ ಕೋಣೆಗಳಲ್ಲೆಲ್ಲ ದೀಪ ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು. ಡಬ್ಬಿ ಅಲುಗಲಿಲ್ಲ.

"ನೋಡುದ್ರಾ? ಮನೇಲೇನೂ ಇಲ್ಲ, ಡಬ್ಬೀನೇ ಕೆಟ್ಟಿರೋದು. ನಾಳೆ ಕಿತ್ಸೋದೇ" ಅಂದರು ಅಪ್ಪ, ಗೆದ್ದವರಂತೆ.

ನಾನು ಮೀಟರ್ ಬೋರ್ಡಿನ ಮುಂದೆ ನಿಂತು ಕರೆಂಟು ಹೋದಾಗಿನ ಸದ್ದುಗಳನ್ನು ಹಿಂದಕ್ಕೆ ಎಣಿಸಿದೆ. ಫ್ಯಾನು ನಿಂತದ್ದು. ಅದಕ್ಕೆ ಮುಂಚೆ ಟಪ್. ಅದಕ್ಕೂ ಮುಂಚೆ, ಗದ್ದಲದ ಅಡಿಯಲ್ಲಿ, ಒಳಗೆಲ್ಲೋ ಒಂದು ಸಣ್ಣ ಟಿಕ್.

"ಅಮ್ಮಾ, ಕರೆಂಟು ಹೋಗೋವಾಗ ಏನ್ ಮಾಡ್ತಿದ್ದೆ?"

"ಇನ್ನೇನು, ದೇವ್ರ ಮನೆ ಲೈಟ್ ಹಾಕ್ದೆ. ಹೋಗ್ಬುಡ್ತು. ಸ್ವಿಚ್ ಆರಿಸಿ ದೀಪ ಹಚ್ಚಿದೆ. ದಿನಾ ಹಂಗೇ ಅಲ್ವೇನೇ?"

"ಈಗ ಇನ್ನೊಂದ್ಸಲ ಹಾಕು."

ಟಿಕ್. ಟಪ್. ಮನೆ ಕತ್ತಲಾಯಿತು.

ನಾನು ಮೇನ್ ಸ್ವಿಚ್ಚನ್ನೇ ಆರಿಸಿದೆ. ಮೊಬೈಲಿನ ಬೆಳಕು ಹಿಡಿದು ದೇವರ ಮನೆಯ ಬಲ್ಬಿನಿಂದ ಹೊರಟ ತಂತಿಗಳ ಹಿಂದೆ ಹೋದೆವು. ಒಂದು ಸ್ವಿಚ್ಚಿಗೆ ಹೋಗಿತ್ತು. ಇನ್ನೊಂದು ಬೋರ್ಡಿಗೆ ವಾಪಸಾಗುವ ಬದಲು ಗೋಡೆಯ ತೂತಿನಿಂದ ಹಿತ್ತಲಿಗೆ ಇಳಿದಿತ್ತು. ನಲ್ಲಿಯ ಕಬ್ಬಿಣದ ಪೈಪಿಗೆ ಅದನ್ನು ಸುತ್ತಿ, ಮೇಲೆ ಬಿಳಿ ಪ್ಲಾಸ್ಟರ್ ಹಾಕಲಾಗಿತ್ತು.

ರೇಣುಕಪ್ರಸಾದ್ ಅಪ್ಪನ ಕಡೆ ನೋಡದೆ ಹೇಳಿದರು. "ಬಲ್ಬಿನ ಕರೆಂಟು ಪೈಪ್ ಮೂಲಕ ಭೂಮಿಗೆ ಇಳೀತಿತ್ತು. ಬೀದೀಲಿ ಕಬ್ಬಿಣದ ಪೈಪ್ ತೆಗೆದು ಪ್ಲಾಸ್ಟಿಕ್ ಹಾಕಿದ್ರಾ ಈಚೆಗೆ?"

"ಹೂಂ, ಹೋದ್ ತಿಂಗ್ಳು" ಅಂದಳು ಅಮ್ಮ. "ಅಲ್ಲಿಂದ ಈಚೆಗೆ ಬಲ್ಬೂ ಮಂಕಾಗಿತ್ತು."

"ಇಳಿಯೋಕೆ ದಾರಿ ಸಾಲ್ದೆ ಕರೆಂಟು ನಲ್ಲೀಲೇ ನಿಂತಿದೆ."

ಅಮ್ಮ ನಲ್ಲಿಯ ಕಡೆ ಕೈ ತೋರಿಸಿದಳು. "ನಾನು ದೇವ್ರ ಲೈಟ್ ಹಾಕ್ಬುಟ್ಟೇ ಹರಿವಾಣ ತೊಳ್ಯಕ್ಕೆ ಇಲ್ಲಿಗೆ ಬರ್ತಿದ್ದದ್ದು."

ಅಪ್ಪ ಅವಳ ಮೊಣಕೈ ನೋಡುತ್ತಿದ್ದರು. ಬಿದ್ದಾಗ ಆದ ಗಾಯದ ಮೇಲೆ ಅದೇ ಬಿಳಿ ಪ್ಲಾಸ್ಟರ್ ಇತ್ತು. ಅಪ್ಪನೇ ಅಂಟಿಸಿದ್ದು.

"ಯಾವತ್ತೋ ಒಂದು ಹಬ್ಬದ ದಿನ" ಎಂದು ಅಪ್ಪ ನಿಧಾನವಾಗಿ ಶುರುಮಾಡಿದರು. "ವೈರು ಸಾಲ್ದೆ ಬಂತು. ಅಂಗಡಿಗಳೆಲ್ಲಾ ಮುಚ್ಚಿದ್ವು. ಪೈಪಿಗೆ ಕಟ್ಟಿದೆ, ಉರೀತು. ಉರಿದ್ಮೇಲೆ ಮತ್ಯಾಕೆ ಅದರ ಕಡೆ ನೋಡ್ತೀವಿ."

ನನಗೆ ಬಹಳ ಬಗೆಯ ಮೌನಗಳ ಪರಿಚಯವಿದೆ. ಆದರೆ ಅಪ್ಪ ಮಾತು ಮುಗಿಸಿದ ಮೇಲೆ ಉಳಿದದ್ದನ್ನು ಹಾಗೇ ಇರಗೊಡಲು ನನಗೆ ಮನಸ್ಸಾಗಲಿಲ್ಲ. "ಸಿಕ್ತಲ್ಲ ಅಪ್ಪಾಜಿ, ಬಿಡಿ" ಅಂದೆ.

"ಅದೇ ಮತ್ತೆ, ಆ ಒಂದು ವೈರು ಕಿತ್ತಾಕಿದ್ರಾಯ್ತು" ಎಂದು ಗಂಗಾಧರಯ್ಯ ಸಮಾಧಾನ ಹೇಳಿದರು.

"ಒಂದಲ್ಲ ಸ್ವಾಮಿ" ಅಂದರು ಅಪ್ಪ. "ಇನ್ನೆಲ್ಲೆಲ್ಲಿ ಹಿಂಗ್ ಮಾಡಿದೀನೋ, ನಂಗೇ ಗ್ಯಾನ ಇಲ್ಲ."

ಅಲ್ಲೇ ಹಿತ್ತಲಲ್ಲಿ ನಿಂತು ಯುವರಾಜನಿಗೆ ಫೋನು ಮಾಡಿದರು. "ಏನಪ್ಪಾ, ನಾಳೆ ಬರ್ತೀಯಾ? ಇಲ್ಲ, ಡಬ್ಬಿ ಅಲ್ಲೇ ಇರ್ಲಿ, ಅದನ್ನ ಮುಟ್ಬ್ಯಾಡ. ಮಿಕ್ಕಿದ್ದೆಲ್ಲಾ ಕೀಳು. ಹೂಂ, ತೇಗದ ಪಟ್ಟೀನೂ." ಕೊನೆಯದನ್ನು ಹೇಳುವಾಗ ಮಾತ್ರ ದನಿ ಸ್ವಲ್ಪ ತಗ್ಗಿತು.

ಆ ತಂತಿಯನ್ನು ಬಿಚ್ಚಿ, ತುದಿಗಳನ್ನು ಮುಚ್ಚಿ, ದೀಪ ಹಾಕಿಕೊಂಡು ಊಟಕ್ಕೆ ಕೂತೆವು. ನೆಂಟರು ಹೊರಟಾಗ ಗಂಗಾಧರಯ್ಯ ಬಾಗಿಲಲ್ಲಿ ಸ್ವಲ್ಪ ತಡೆದರು. ತಮ್ಮ ಮನೆಗೆ ಮತ್ತೆ ಆ ಡಬ್ಬಿ ಹಾಕಿಸಬೇಕೆಂದರೆ ಶಿರಾ ತನಕ ಬರುತ್ತಾನೇನಮ್ಮ ನಿಮ್ಮ ಕರೆಂಟಿನ ಹುಡುಗ ಎಂದು ಕೇಳಿದರು.

"ಯುವರಾಜನ ನಂಬರ್ ಕಳಿಸ್ತೀನಿ" ಅಂದೆ.

"ನನ್ನ ಮೊಬೈಲ್‌ಗೇ ಕಳಿಸಿ" ಅಂದರು ರೇಣುಕಪ್ರಸಾದ್. "ಮಾವನಿಗೆ ವಾಟ್ಸಪ್ ಬರಲ್ಲ."

"ಯಾವನ್ಲಾ ಹೇಳಿದ್ದು ಬರಲ್ಲ ಅಂತ?" ಎಂದು ಗಂಗಾಧರಯ್ಯ ತಿರುಗುವಷ್ಟರಲ್ಲಿ ರೇಣುಕಪ್ರಸಾದ್ ತಮ್ಮ ನಂಬರ್ ಹೇಳತೊಡಗಿದ್ದರು, ಎಣ್ಣೆ ಮಿಲ್ಲಿನಲ್ಲಿ ಹೇಳುವಷ್ಟು ಜೋರಾಗಿ, ಇಡೀ ಬೀದಿಗೆ ಕೇಳುವಂತೆ. ನಾನು ಬರೆದುಕೊಂಡೆ.