ಹಳದಿ ಇಲ್ಲದ ಕಾರ್ಡು

"ವಿಜ್ಞಾನ ನಿಮ್ಮಪ್ಪನ ಮನಿ ಆಸ್ತಿ ಅಂತ ತಿಳ್ಕೊಂಡಿಯೇನಬೇ, ಹಡಬಿಟ್ಟಿ? ಮಾನ್ವ್ಯಾಗ ಯಾರ್ ಹೇಳಿದ್ರಂತ ನೀರು ಹಳದಿ ಮಾಡಿ ತೋರಿಸಿದಿ?"

ರಾಯಚೂರಿನ ಕಚೇರಿಯಲ್ಲಿ ಸಂಯೋಜಕ ವಿನೋದ ಹೀಗೆ ಒದರುತ್ತಿದ್ದರೆ, ಹಣಮಮ್ಮ ತಲೆ ಎತ್ತದೆ ಗಾಜಿನ ನಳಿಕೆ ತೊಳೆಯುತ್ತಿದ್ದಳು. ಸರ್ಕಾರಿ ವಿಜ್ಞಾನ ವಾಹನದಲ್ಲಿ ಗುತ್ತಿಗೆ ನೌಕರಿ ಅವಳದು. ಊರೂರಿಗೆ ಹೋಗಿ ಕುಡಿಯುವ ನೀರಿಗೆ ನಾಲ್ಕು ಹನಿ ಔಷಧಿ ಬಿಟ್ಟು ಜನರಿಗೆ ತೋರಿಸಬೇಕು. ಗುಲಾಬಿಯಾಗಿ ನಿಂತರೆ ಕುಡಿಯಬಹುದು. ಹಳದಿಗೆ ತಿರುಗಿದರೆ ಫ್ಲೋರೈಡ್ ಹೆಚ್ಚಿದೆ ಎಂದರ್ಥ. ಮೊದಲು ಹಲ್ಲು ಹೋಗುತ್ತದೆ, ಆಮೇಲೆ ಮೊಣಕಾಲು.

"ನಾ ಮಾಡಿಲ್ರಿ ಸಾಹೇಬ್ರ. ನೀರೇ ಹಳದಿ ಆತ್ರಿ."

"ನೀರಿಗೇನ್ ತಿಳಿತದ? ನಾಳಿ ದೇವದುರ್ಗದ ಕಡಿ ನಿಮ್ಮೂರಾಗ ಶುದ್ಧ ನೀರಿನ ಘಟಕದ ಉದ್ಘಾಟನಿ ಅದ. ಶಾಸಕರು ಬರ್ತಾರ. ಬರೀ ಗುಲಾಬಿ ಕಾಣ್ಬೇಕು."

ಹೇಳಿ ಸುಮ್ಮನಾಗಲಿಲ್ಲ ಪುಣ್ಯಾತ್ಮ. ಕತ್ತರಿ ತೆಗೆದುಕೊಂಡ. ನೀರಿನ ಬಣ್ಣ ಹೋಲಿಸಿ ನೋಡುವ ಕಾರ್ಡಿನಲ್ಲಿ ಗುಲಾಬಿಯಿಂದ ಹಳದಿವರೆಗೆ ಆರು ಮನೆಗಳಿದ್ದವು. ಕೊನೆಯ ಮೂರು ಕಸದ ಬುಟ್ಟಿಗೆ ಬಿದ್ದವು. ಇನ್ನು ಯಾವ ನೀರಾದರೂ ಪಾಸಾಗಲೇಬೇಕು. ಒಂದೇ ಕತ್ತರಿಯಲ್ಲಿ ಇಡೀ ಜಿಲ್ಲೆಯ ರೋಗ ವಾಸಿ ಮಾಡಿದ ಡಾಕ್ಟರು ಇನ್ನೆಲ್ಲಿ ಸಿಗಬೇಕು! ವಾಹನದ ಬಾಗಿಲಿನಲ್ಲಿದ್ದ ಹುಳುಕು ಹಲ್ಲಿನ ಚಿತ್ರದ ಮೇಲೆ ಹೋದ ವಾರವೇ ಶಾಸಕರ ಫೋಟೋ ಅಂಟಿಸಿಯಾಗಿತ್ತು. ಅವರೂ ಹಲ್ಲು ಬಿಟ್ಟೇ ನಗುತ್ತಿದ್ದರು. ಅವು ಬೆಳ್ಳಗಿದ್ದವು.

ಹಣಮಮ್ಮನ ಅವ್ವ ಹುಲಗೆಮ್ಮನ ಮೊಣಕಾಲು ಸೊಟ್ಟಗಾಗಿ ಆರು ವರ್ಷವಾಗಿತ್ತು. ಮಗಳ ಮಾತು ಕೇಳಿ ಕೇರಿಯವರೆಲ್ಲ ಬೋರಿನ ನೀರು ಬಿಟ್ಟು, ಎರಡು ಮೈಲಿ ದೂರದ ಬಾವಿಯಿಂದ ಹೊರುತ್ತಿದ್ದರು. ನಾಳೆಯಿಂದ ಮತ್ತೆ ಮನೆ ಮುಂದಿನ ನಲ್ಲಿ ನೀರನ್ನೇ ಹಿಡಿಯುತ್ತಾರೆ.

ಮರುದಿನ ಊರಿಗೆ ಮುಟ್ಟಿದ ಕೂಡಲೇ ವಾಹನದ ಡ್ರೈವರ್ ಇನಾಯತ್ ಘಟಕದ ಹಿಂದಿನ ಕಿಟಕಿಯಲ್ಲಿ ಇಣುಕಿ ಬಂದ.

"ಅಕ್ಕಾ, ಒಳಗ ಮಶೀನೇ ಇಲ್ಲ. ಅದೇ ಹಳೀ ಬೋರಿನ ಪೈಪು ಈ ಕಡಿಂದ ಬಂದು ಆ ಕಡಿ ಹೊಂಟದ. ನಡುವ ನಾಕು ಖಾಲಿ ಡಬ್ಬಿ ನಿಲ್ಲಿಸ್ಯಾರ, ಅಷ್ಟೇ."

ಶಾಮಿಯಾನದ ನೆರಳು ಊರಿನ ದೊಡ್ಡವರಿಗೆ ಮೀಸಲಾಗಿತ್ತು. ಕೇರಿಯವರು ಬಿಸಿಲಿನಲ್ಲಿ ಕುಳಿತಿದ್ದರು. ಪೂಜಾರಿ ಈರಯ್ಯ ನಲ್ಲಿಗೆ ಹಿಡಿ ತುಂಬ ಅರಿಶಿಣ ಬಳಿದು, ಕುಂಕುಮವಿಟ್ಟು, ಮೊದಲ ನೀರನ್ನು ಬೆಳ್ಳಿ ತಂಬಿಗೆಗೆ ಹಿಡಿದ. ವಿನೋದ ಹಣಮಮ್ಮನ ಕೈಗೆ ಬಾಟಲಿ ನೀರು ತುರುಕಿ, "ನಳಿಕ್ಯಾಗ ಇದನ್ನ ಹಾಕಬೇ," ಎಂದು ಹಲ್ಲು ಕಡಿದ.

ಅವಳು ಬಾಟಲಿಯನ್ನು ಮೇಜಿನ ಮೇಲಿಟ್ಟು, ಎಲ್ಲರೆದುರಿಗೆ ನಲ್ಲಿ ನೀರನ್ನೇ ಹಿಡಿದಳು. ನಾಲ್ಕು ಹನಿ ಬಿಟ್ಟಳು. ನೀರು ಹಳದಿಯಾಯಿತು.

ಕೇರಿಯವರಿಗೆ ಆ ಬಣ್ಣದ ಅರ್ಥ ಗೊತ್ತಿತ್ತು. ಗುಜುಗುಜು ಎದ್ದಿತು. ವಿನೋದನ ಮುಖದ ನೀರಿಳಿಯಿತು. ಶಾಸಕರು ಮಾತ್ರ ಜಗ್ಗುವ ಆಸಾಮಿಯಲ್ಲ. ಮೈಕು ಎಳೆದುಕೊಂಡು ನಕ್ಕರು.

"ಗಾಬರಿ ಆಗಬ್ಯಾಡ್ರಿ! ಅದು ಪೂಜಿ ಅರಿಶಿಣ! ನೀರಲ್ಲ ಇದು, ಗಂಗವ್ವನ ತೀರ್ಥ!"

"ವಿಜ್ಞಾನನೂ ಅದನ್ನೇ ಹೇಳ್ತದ್ರಿ!" ಎಂದು ವಿನೋದ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ. ನೆರಳಿನಲ್ಲಿದ್ದವರೆಲ್ಲ ತಟ್ಟಿದರು.

ತೀರ್ಥವೆಂದ ಮೇಲೆ ಬೇಡವೆನ್ನುವವರು ಯಾರು? ಬಿಸಿಲಿನಲ್ಲಿ ಕುಳಿತಿದ್ದ ಹುಲಗೆಮ್ಮ ಕುಂಡಿಯ ಮೇಲೆ ತೆವಳಿಕೊಂಡೇ ವೇದಿಕೆಯ ಬುಡಕ್ಕೆ ಬಂದು ಬೊಗಸೆ ಒಡ್ಡಿದಳು.

"ಯವ್ವಾ ಹಣಮೀ, ನನಗೊಂದೀಟು ಹಾಕು. ಕಾಲಾದ್ರೂ ನೆಟ್ಟಗ ಆಗ್ತಾವೇನ್ ನೋಡೂಣು."

ಹಣಮಮ್ಮ ಆ ಬೊಗಸೆಯನ್ನು ನೋಡಿದಳು. ಆಮೇಲೆ ಶಾಸಕರನ್ನು ನೋಡಿದಳು.

"ತಡಿಯವ್ವ. ದೊಡ್ಡೋರದು ಮೊದ್ಲ ಆಗ್ಲಿ."

ಈರಯ್ಯನ ಮುಂದಿದ್ದ ತಂಬಿಗೆಗೇ ಕೈ ಹಾಕಿದಳು.

"ಏ, ಏ! ಮುಟ್ಟಬ್ಯಾಡಬೇ! ಕುಲಗೆಡಿಸಿದಿ!" ಎಂದು ಈರಯ್ಯ ಹಿಂದಕ್ಕೆ ಹಾರಿದ. ಅಷ್ಟರಲ್ಲಿ ಅವಳು ತೀರ್ಥ ಕೊಡುವ ಉದ್ಧರಣೆ ತುಂಬಿಸಿಕೊಂಡು ಶಾಸಕರ ಮುಂದೆ ನಿಂತಾಗಿತ್ತು.

"ತಗೋರ್ರಿ ಸಾಹೇಬ್ರ. ನೀವೇ ಅಂದಿರಲ್ರಿ, ತೀರ್ಥ ಅಂತ."

ಶಾಸಕರು ಜನರಿಗೆ ಕೈ ಮುಗಿದರು.

"ಕೈ ಮುಗ್ಯಾದು ಬ್ಯಾಡ್ರಿ. ಕೈ ಒಡ್ರಿ."

"ನಾಳಿಂದ ನಿನಗ ಕೆಲಸ ಇಲ್ಲ," ವಿನೋದ ಕಿವಿಯಲ್ಲಿ ಉಸುರಿದ.

"ನಾಳಿಂದು ನಾಳಿಗ್ರಿ. ನೀವೂ ಸಾಲಿನ್ಯಾಗ ನಿಂದರ್ರಿ. ವಿಜ್ಞಾನದ ಪಾಲು ನಿಮಗ ಕೊಡ್ತೀನಿ."

ಬಿಸಿಲಿನಲ್ಲಿದ್ದವರು ಎದ್ದು ನಿಂತಿದ್ದರು. ಶಾಸಕರ ಕೈಯನ್ನೇ ನೋಡುತ್ತಿದ್ದರು. ಮುಗಿದ ಕೈ ಮುಗಿದೇ ಇತ್ತು. ಉದ್ಧರಣೆ ಹಿಡಿದ ಹಣಮಮ್ಮ ಕದಲಲಿಲ್ಲ.

ಕೆಳಗೆ ಹುಲಗೆಮ್ಮ ಒಡ್ಡಿದ ಬೊಗಸೆಯನ್ನು ಮೆಲ್ಲಗೆ ಬಿಡಿಸಿ, ಕೈಯನ್ನು ಸೆರಗಿಗೆ ಒರೆಸಿಕೊಂಡಳು.