ಗುರುವಾರದ ಆಟ

ನಮ್ಮ ಜನರನ್ನು ಒಂದೆಡೆ ಸೇರಿಸುವುದೆಂದರೆ ಕಪ್ಪೆಗಳನ್ನು ತಕ್ಕಡಿಗೆ ಹಾಕಿ ತೂಗಿದ ಹಾಗೆ. ನ್ಯೂಜೆರ್ಸಿಯಲ್ಲಿ ಆ ವಿದ್ಯೆ ಒಲಿದಿದ್ದು ಮಾನ್ಮತ್ ಜಂಕ್ಷನ್ನಿನ ಸಲೀಮನೊಬ್ಬನಿಗೆ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಬೆಳೆದ ಅವನಿಗೆ ಒಂದು ಮಾತು ಚೆನ್ನಾಗಿ ಗೊತ್ತಿತ್ತು. ಬರೆದು ಕಳಿಸಿದರೆ ಅದು ಬರೀ ಸುದ್ದಿ, ಬಾಯಿಬಿಟ್ಟು ಕರೆದರೇನೇ ಅದು ಕರೆ. ಹಾಗಾಗಿ ಬೇಸಿಗೆಯುದ್ದಕ್ಕೂ ಪ್ರತಿ ಬುಧವಾರ ಸಂಜೆ ಅವನು ನಲವತ್ತು ಮನೆಗಳಿಗೆ ಫೋನ್ ಮಾಡುತ್ತಿದ್ದ. ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಆ ನಲವತ್ತು ಮನೆಯವರೂ ಕೊಡೆ, ಕುರ್ಚಿ, ಡಬ್ಬಿಗಳ ಸಮೇತ ಮೈದಾನದಲ್ಲಿ ಹಾಜರ್.

ಕರೆಯುತ್ತಿದ್ದುದು ಮದುವೆಗಲ್ಲ, ರಗ್ಬಿ ಲೀಗ್ ಆಟಕ್ಕೆ. ಸಲೀಮನ ಮಗ ಫೈಜ್ ಮಿಲ್‌ಸ್ಟೋನ್ ರ್ಯಾಮ್ಸ್ ಎಂಬ ಸಣ್ಣ ಕ್ಲಬ್ಬಿನಲ್ಲಿ ಆಡುತ್ತಿದ್ದ. ಮೊದಮೊದಲು ಆ ಗುದ್ದಾಟದ ತಲೆಬುಡ ನಮ್ಮವರಿಗೆ ತಿಳಿಯಲಿಲ್ಲ. ತಿಳಿಸಿದವರು ಹುಬ್ಬಳ್ಳಿಯ ಸಿದ್ದರಾಮಪ್ಪನವರು. ಮಗನ ಮನೆಯಲ್ಲಿದ್ದ ಎಪ್ಪತ್ತನಾಲ್ಕರ ಈ ಹಿರಿಯರು ಪ್ರಾಯದಲ್ಲಿ ಕಬಡ್ಡಿ ಆಡಿ ಮೊಣಕಾಲು ಹಾಳುಮಾಡಿಕೊಂಡವರು. "ಇದು ಚೆಂಡು ಹಿಡಕೊಂಡು ಆಡೋ ಕಬಡ್ಡೀನ ಅದ. ಆರು ಸರ್ತಿ ಹಿಡಸ್ಕೊಂಡ್ರ ಚೆಂಡು ಆ ಕಡಿಯವ್ರಿಗೆ ಬಿಡಬೇಕು, ಅಷ್ಟ," ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದರು. ಅಂದಿನಿಂದ ಯಾರಿಗೂ ಸಂಶಯ ಬರಲಿಲ್ಲ.

ಎರಡು ಸಾವಿರದ ಒಂಬತ್ತರ ಜುಲೈನಲ್ಲಿ ಒಂದು ಕೇಬಲ್ ಚಾನೆಲ್‌ನಿಂದ ಕ್ಲಬ್ಬಿಗೆ ಕರೆ ಬಂತು. ಒಂದು ಆಟ ತೋರಿಸುತ್ತಾರಂತೆ. ಆದರೆ ಅವರ ಕ್ಯಾಮೆರಾ ವ್ಯಾನು ಬಿಡುವಾಗಿರುವುದು ಗುರುವಾರ ಸಂಜೆ ಐದಕ್ಕೆ ಮಾತ್ರ. ಆಟ ಆಗಲೇ ನಡೆಯಬೇಕು, ಅದನ್ನು ಶನಿವಾರ ಸಂಜೆ ಏಳಕ್ಕೆ ಟಿ.ವಿ.ಯಲ್ಲಿ ಹಾಕುತ್ತಾರೆ. ಗ್ಯಾಲರಿ ತುಂಬಿ ಕಂಡರೆ ಮುಂದಿನ ವರ್ಷ ಎಲ್ಲ ಆಟಗಳನ್ನೂ ತೋರಿಸುವ ಮಾತು. ಕ್ಲಬ್ಬಿಗೆ ಜೆರ್ಸಿ ಕೊಡಿಸುತ್ತಿದ್ದ ಪೀಠೋಪಕರಣದ ಅಂಗಡಿ ಚಳಿಗಾಲದಲ್ಲೇ ಬಾಗಿಲು ಹಾಕಿತ್ತು. ಟಿ.ವಿ.ಯಲ್ಲಿ ಬಂದರೆ ಹೊಸ ಪ್ರಾಯೋಜಕರು ಸಿಗುತ್ತಾರೆ, ಇಲ್ಲವಾದರೆ ತಂಡವೇ ಇರುವುದಿಲ್ಲ. ವಾರದ ನಡುವೆ ಐದು ಗಂಟೆಗೆ ಆಟಗಾರರು ಸಿಗುತ್ತಾರೆಯೇ ಎಂಬ ಪ್ರಶ್ನೆ ಬಂದಾಗ ಕೋಚ್ ನಕ್ಕುಬಿಟ್ಟ. ಆರ್ಥಿಕ ಹಿಂಜರಿತದ ಆ ವರ್ಷ ಅರ್ಧ ತಂಡಕ್ಕೆ ಕೆಲಸವೇ ಇರಲಿಲ್ಲ. ಉಳಿದದ್ದು ಜನರನ್ನು ತರುವುದು.

"ಜನರ ಚಿಂತೆ ನನಗೆ ಬಿಡಿ," ಎಂದ ಸಲೀಂ, ಎಲ್ಲರೆದುರು ಎದೆ ಮುಟ್ಟಿಕೊಂಡು. ಫೈಜ್ ಅಪ್ಪನ ಕಡೆ ಹೆಮ್ಮೆಯಿಂದ ನೋಡಿದ.

ಆದರೆ ಸಲೀಮನಿಗೂ ಕೆಲಸ ಇರಲಿಲ್ಲ. ಪ್ರಿನ್ಸ್‌ಟನ್‌ನ ಔಷಧ ಕಂಪನಿ ಅವನನ್ನು ಮಾರ್ಚ್‌ನಲ್ಲೇ ಮನೆಗೆ ಕಳಿಸಿತ್ತು. ಮನೆಯವರ ಹೊರತು ಯಾರಿಗೂ ಅವನು ಹೇಳಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಇಸ್ತ್ರಿ ಅಂಗಿ ತೊಟ್ಟು ಕಾರು ಹತ್ತಿ, ಲೈಬ್ರರಿಯಲ್ಲಿ ಕೂತು ಅರ್ಜಿ ಹಾಕಿ, ಆರಕ್ಕೆ ಹಿಂದಿರುಗುವುದು ಅವನ ದಿನಚರಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಿದ್ದ. ಹೆಂಡತಿ ನಯೀಮಾ ಮೊದಲು ಅತ್ತಳು, ಆಮೇಲೆ ಬೈದಳು, ಕೊನೆಗೆ ಸುಮ್ಮನಾದಳು.

ಆ ವಾರ ಒಂದು ದಿನ ಮುಂಚೆ, ಮಂಗಳವಾರವೇ ಅವನು ಫೋನ್ ಹಿಡಿದು ಕೂತ. ಮೊದಲ ಕರೆ ಗೆಳೆಯ ಬದರಿಗೆ.

"ಗುರುವಾರ ಐದಕ್ಕಾ?" ಎಂದ ಬದರಿ. "ನಾನೇನೋ ವರ್ಕ್ ಫ್ರಂ ಹೋಮ್ ಮಾಡ್ತೀನಿ ಅನ್ಬೋದು. ನೀವು ಹೆಂಗ್ ಬರ್ತೀರಿ ಸಲೀಂ ಭಾಯ್? ಪ್ರಿನ್ಸ್‌ಟನ್ನಿಂದ ಐದಕ್ಕೆ ಹೊರಟ್ರೆ ರೂಟ್ ಒನ್‌ನ ಟ್ರಾಫಿಕ್ಕಲ್ಲೇ ಆರೂವರೆ ಆಗುತ್ತೆ. ಆಫೀಸಲ್ಲಿ ಬಿಡ್ತಾರಾ?"

ಸಲೀಂ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. "ಅದೂ... ಬಿಡ್ತಾರೆ. ಇರಿ, ಬೇರೆ ಕಾಲ್ ಬರ್ತಿದೆ," ಎಂದು ಇಟ್ಟುಬಿಟ್ಟ. ಇನ್ನು ಮೂವತ್ತೊಂಬತ್ತು ಮನೆಯವರೂ ಇದನ್ನೇ ಕೇಳುತ್ತಾರೆ. ಶನಿವಾರದ ಆಟಕ್ಕೆ ಕರೆಯುವಾಗ ಯಾರೂ ಕೇಳದ ಪ್ರಶ್ನೆ. ಅವನು ಫೋನನ್ನು ಮೇಜಿನ ಮೇಲಿಟ್ಟು, ಕಂಪ್ಯೂಟರ್ ತೆರೆದು ಎಲ್ಲರಿಗೂ ಸೇರಿಸಿ ಒಂದು ಇಮೇಲ್ ಬರೆದ. ನಾಲ್ಕು ಸಾಲು. ಸಿದ್ದರಾಮಪ್ಪನವರಿಗೆ ಇಮೇಲ್ ಇಲ್ಲವೆಂಬುದು ನೆನಪಾಗದೆ ಇರಲಿಲ್ಲ. ಯಾರಾದರೂ ಹೇಳುತ್ತಾರೆ ಬಿಡು ಎಂದುಕೊಂಡ.

ಯಾರೂ ಹೇಳಲಿಲ್ಲ, ಯಾಕೆಂದರೆ ಯಾರೂ ಓದಿರಲಿಲ್ಲ. ಬದರಿಯೂ, ಸಲೀಂ ಮತ್ತೆ ಫೋನ್ ಮಾಡಲಿಲ್ಲವಲ್ಲ, ಗುರುವಾರದ್ದು ಬಿದ್ದುಹೋಗಿರಬೇಕು ಎಂದುಕೊಂಡ. ಗುರುವಾರ ಐದಕ್ಕೆ ಮೈದಾನಕ್ಕೆ ಬಂದವರು ಹದಿನೇಳು ಜನ. ಅದರಲ್ಲಿ ಐವರು ಎದುರು ತಂಡದವರ ಹೆಂಡಿರು. ಚಾನೆಲ್‌ನ ಹೆಂಗಸು ಖಾಲಿ ಬೆಂಚುಗಳನ್ನು ನೋಡಿ, ಹದಿನೇಳು ಜನರನ್ನೂ ಕ್ಯಾಮೆರಾ ಎದುರಿಗೆ ಒತ್ತಾಗಿ ಕೂರಿಸಿದಳು. ಆಟ ಆ ತುದಿಗೆ ಹೋದಾಗ ಅವರನ್ನು ಎಬ್ಬಿಸಿ ಆ ತುದಿಗೆ ಓಡಿಸಬೇಕು, ಈ ತುದಿಗೆ ಬಂದಾಗ ಇಲ್ಲಿಗೆ. ಓಡಿಸುವ ಕೆಲಸ ಸಲೀಮನ ಪಾಲಿಗೆ ಬಂತು. ಇಸ್ತ್ರಿ ಅಂಗಿಯ ಬೆನ್ನು ಬೆವರಿನಲ್ಲಿ ತೊಯ್ದು, "ಪ್ಲೀಸ್, ಪ್ಲೀಸ್," ಎನ್ನುತ್ತ ಅವನು ಆ ಹದಿನೇಳು ಜನರನ್ನು ಕೋಳಿ ಅಟ್ಟಿದ ಹಾಗೆ ಅತ್ತಿತ್ತ ಅಟ್ಟಿದ. ಚೆಂಡು ಹಿಡಿದ ಫೈಜ್ ಒಮ್ಮೆ ಗ್ಯಾಲರಿಯ ಕಡೆ ತಿರುಗಿ ನೋಡಿ, ನೆಲ ನೋಡಿದ. ಅವರು ಸೋತರು. ಮನೆಗೆ ಬರುವಾಗ ಕಾರಿನಲ್ಲಿ ಅವನು, "You said you'd call them, Abba," ಎಂದಷ್ಟೇ ಅಂದ.

ಶನಿವಾರ ಮಧ್ಯಾಹ್ನ ಕ್ಲಬ್ಬಿನ ಧ್ವಜಗಳನ್ನು ತೆಗೆದು ತರಲು ಸಲೀಂ ಮೈದಾನಕ್ಕೆ ಹೋದ. ಪಾರ್ಕಿಂಗ್ ಲಾಟಿನ ತುಂಬ ಕಾರುಗಳು. ಬೇಲಿಯಾಚೆ ಕೊಡೆಗಳು, ಕುರ್ಚಿಗಳು, ಗಿರ್ಮಿಟ್ ಮಂಡಕ್ಕಿಯ ಡಬ್ಬಿ ಹಿಡಿದು ಕೂತ ಸಿದ್ದರಾಮಪ್ಪನವರು. ಸುಮಾರು ಐವತ್ತು ಜನ ಖಾಲಿ ಮೈದಾನ ನೋಡುತ್ತ ಆಟ ಶುರುವಾಗುವುದನ್ನು ಕಾಯುತ್ತಿದ್ದರು. ಈ ವಾರ ಸಲೀಂ ಕರೆಯದಿದ್ದರೂ ವಾಡಿಕೆ ಬಿಡದೆ ಬಂದಿದ್ದರು.

ಇಳಿದು ಹೋಗಿ ನಾಲ್ಕು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಸಲೀಂ ಕಾರು ತಿರುಗಿಸಿದ. ಅರ್ಧ ಮೈಲಿ ಆಚೆಗೆ, ಪೆಟ್ರೋಲ್ ಬಂಕಿನ ಹಿಂದೆ ನಿಲ್ಲಿಸಿ ಸ್ಟಿಯರಿಂಗ್ ಹಿಡಿದು ಕೂತ. ಐವತ್ತು ವರ್ಷದ ಗಂಡಸು ಹೀಗೆ ಅಡಗುವುದೇ ಎಂದು ತನ್ನ ಮೇಲೇ ಅಸಹ್ಯವಾಯಿತು, ಆದರೂ ವಾಪಸು ಹೋಗಲಿಲ್ಲ.

ಫೋನ್ ಬಂತು. ಬದರಿಯ ನಂಬರು, ದನಿ ಸಿದ್ದರಾಮಪ್ಪನವರದು. "ಸಲೀಂ ಸಾಹೇಬ್ರ, ಎಲ್ಲದೀರಿ? ಹುಡುಗ್ರು ಒಬ್ರೂ ಕಾಣವಲ್ರು."

"ನಾನು... ಆಫೀಸಲ್ಲಿದೀನಿ ಯಜಮಾನ್ರೇ. ಅರ್ಜೆಂಟ್ ಮೀಟಿಂಗ್. ಶನಿವಾರಾನೂ ಕರೆಸ್ತಾರೆ ಈಗ."

"ಹೌದ್ರೀ? ಆತು, ಕೆಲಸ ಮೊದ್ಲು ನೋಡ್ಕೋರಿ," ಎಂದರು ಸಿದ್ದರಾಮಪ್ಪ. ಫೋನ್ ಆರಿಸಲು ಅವರಿಗೆ ತಿಳಿಯಲಿಲ್ಲವೋ ಏನೋ, ಬದರಿಯ ದನಿ ಕೇಳಿಸಿತು: "ಆಫೀಸಂತಾ? ಅವ್ರ ಕೆಲಸ ಮಾರ್ಚಲ್ಲೇ ಹೋಯ್ತಲ್ಲ?"

"ಸುಮ್ನಿರಪಾ," ಎಂದರು ಸಿದ್ದರಾಮಪ್ಪ. "ತಾವಾಗೇ ಹೇಳೋತನಕ ನಮಗ ಗೊತ್ತಿಲ್ಲ, ಅಷ್ಟ. ಅವ್ರಿಗೆ ಬ್ಯಾಸರ ಆಗಬಾರ್ದು."

ಸಲೀಮನ ಕಿವಿ ಸುಟ್ಟಂತಾಯಿತು. ಮಾರ್ಚ್‌ನಿಂದಲೂ ಎಲ್ಲರಿಗೂ ಗೊತ್ತಿತ್ತು. ಪ್ರತಿ ಬುಧವಾರ ಅವನು ಆಫೀಸಿನ ಕಥೆ ಕಟ್ಟುವಾಗ ಆ ನಲವತ್ತು ಮನೆಯವರು ಹೂಂಗುಟ್ಟಿದ್ದರು. ಕೆಲಸ ಹೇಗಿದೆ ಎಂದು ಒಬ್ಬರೂ ಕೆಣಕಿರಲಿಲ್ಲ. ಬದರಿ ಮಂಗಳವಾರ ಕೇಳಿದ್ದು ಕೂಡ, ಅವನ ಸುಳ್ಳು ಕೆಡದಿರಲಿ ಎಂದೇ ಇರಬೇಕು. ಅವನು ಕಾರು ಶುರು ಮಾಡಿದ.

ಮೈದಾನದ ಹುಲ್ಲು ದಾಟಿ ಹೋಗುವಷ್ಟರಲ್ಲಿ ಎಲ್ಲರೂ ಇತ್ತ ತಿರುಗಿದ್ದರು. "ಆಟ ಗುರುವಾರವೇ ಮುಗೀತು," ಎಂದ ಸಲೀಂ. "ಟಿ.ವಿ.ಯವ್ರು ದಿನ ಬದಲಾಯಿಸಿದ್ರು. ನಾನೇ ನಿಮ್ಮನ್ನ ಕರೀಲಿಲ್ಲ. ನನಗೆ ಆಫೀಸೂ ಇಲ್ಲ, ಮೀಟಿಂಗೂ ಇಲ್ಲ."

ಬದರಿ ಶೂ ನೋಡಿಕೊಂಡ. ಸಿದ್ದರಾಮಪ್ಪನವರು ಡಬ್ಬಿಯ ಮುಚ್ಚಳ ಹಾಕಿದರು. "ಟಿ.ವಿ.ಯಾಗ ಎಷ್ಟಕ್ಕ ತೋರಸ್ತಾರ?"

"ಏಳಕ್ಕೆ."

"ಹಂಗಾರ ನಿಮ್ಮ ಮನ್ಯಾಗ ನೋಡೂಣು. ನಮ್ಮ ಹುಡುಗ್ರ ಆಟ, ಬಿಡಾಕ ಬರಂಗಿಲ್ಲ."

ಬೇಡ ಎನ್ನಲು ಸಲೀಮನಿಗೆ ಬಾಯಿಯೆಲ್ಲಿತ್ತು? ಏಳಕ್ಕೆ ಅವನ ಹಾಲ್ ತುಂಬಿತು. ಜಾಗ ಸಾಲದೆ ಮಕ್ಕಳು ಮೆಟ್ಟಿಲ ಮೇಲೆ ಕೂತರು. ನಯೀಮಾ ಚಹಾ ಹಂಚಿದಳು. ಫೈಜ್ ಗೋಡೆಗೊರಗಿ ನಿಂತ. ಆಟ ಶುರುವಾಯಿತು. ಮೊದಲ ಹತ್ತು ನಿಮಿಷ ಎಲ್ಲರೂ ಕೂಗಿದರು. ಆಮೇಲೆ ಕ್ಯಾಮೆರಾ ಗ್ಯಾಲರಿಯನ್ನು ತೋರಿಸಿತು. ಸಾಲುಸಾಲು ಖಾಲಿ ಬೆಂಚುಗಳು. ಅವುಗಳ ಮುಂದೆ, ಇಸ್ತ್ರಿ ಅಂಗಿಯ ಒಬ್ಬ ಮನುಷ್ಯ ಕೈಮುಗಿಯುತ್ತ ಬೆರಳೆಣಿಕೆಯ ಜನರನ್ನು ಎಬ್ಬಿಸಿ ಓಡಿಸುತ್ತಿದ್ದ.

ಹಾಲ್‌ನಲ್ಲಿ ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ಸಲೀಮನಿಗೆ ಹಗುರವಾಗುತ್ತಿತ್ತು.

ಸಿದ್ದರಾಮಪ್ಪನವರು ಪರದೆಯಿಂದ ಕಣ್ಣು ತೆಗೆಯದೆ, ಪಕ್ಕದಲ್ಲಿ ಕೂತ ಸಲೀಮನಿಗಷ್ಟೇ ಕೇಳುವಂತೆ ಹೇಳಿದರು: "ಒಂದು ಮಾತು ಕರದಿದ್ರ ಇಷ್ಟೂ ಮಂದಿ ಅಲ್ಲಿರ್ತಿದ್ವಿ. ನಾವು ನೌಕರಿ ಬಗ್ಗೆ ಕೇಳಿ ಬಿಡ್ತೀವಿ ಅಂತ ಅಂಜಿದ್ರೇನ್ರೀ? ಇಷ್ಟು ವರ್ಷದಾಗ ನಮ್ಮನ್ನ ಇಷ್ಟ ತಿಳ್ಕೊಂಡ್ರೇನು?"