ಹಾಡಲ್ಲದ್ದು

ಟಕ್, ಮತ್ತೆ ಟಕ್, ಮೇಜಿನ ಕೆಳಗಿನಿಂದ ಬರುವ ಈ ಸದ್ದಿಗೆ ತಾಳವಿಲ್ಲ, ತಾಳವಿದ್ದಿದ್ದರೆ ಹೇಗೋ ಸಹಿಸಿಕೊಳ್ಳಬಹುದಿತ್ತು ಎಂದುಕೊಳ್ಳುತ್ತ ಅವನು ಕುರ್ಚಿಯಿಂದ ಎದ್ದ, ಕೂತ, ಮತ್ತೆ ಎದ್ದ — ಹಳೆಯ ಹಾರ್ಡ್ ಡಿಸ್ಕ್ ಇಂದೋ ನಾಳೆಯೋ ಎನ್ನುವಂತಿದೆ, ಅಷ್ಟರೊಳಗೆ ಅದರ ಹೊಟ್ಟೆಯಲ್ಲಿರುವುದೆಲ್ಲ ಹೊಸ ಎಸ್‌ಎಸ್‌ಡಿಗೆ ಬಂದುಬಿಡಬೇಕು, ಇಷ್ಟು ವರ್ಷ ಈ ಕೋಣೆಯಲ್ಲಿ ಕೂತು ಸಂಗೀತ ಕಟ್ಟಿದ್ದು, ಜಾಹೀರಾತಿಗೆ, ನಾಟಕಕ್ಕೆ, ಯಾರದೋ ಸಿನಿಮಾಕ್ಕೆ, ಮತ್ತೆ ಅಕ್ಕನ ಹಾಡುಗಳು, ಎಲ್ಲಕ್ಕಿಂತ ಮೊದಲು ಅಕ್ಕನ ಹಾಡುಗಳು. ಪರದೆಯ ಮೇಲೆ ಹಸಿರು ಪಟ್ಟಿ ಅರ್ಧ ದಾಟಿದೆ, ನಿಂತಿದೆಯೋ ತೆವಳುತ್ತಿದೆಯೋ ತಿಳಿಯದು. ಹೊಸದು ಬಿಸ್ಕತ್ತಿನಷ್ಟು ಹಗುರ, ಸಾರ್ ಇದ್ರಲ್ಲಿ ತಿರುಗೋದು ಏನೂ ಇಲ್ಲ, ಸದ್ದೇ ಬರಲ್ಲ ಅಂದಿದ್ದ ಅಂಗಡಿಯವನು, ಸದ್ದು ಮಾಡಿ ಹೊಟ್ಟೆ ಹೊರೆಯೋನಿಗೆ ಸದ್ದಿಲ್ಲದ್ದು ಮಾರ್ತೀಯಲ್ಲ ಮಹರಾಯ ಎಂದು ಇವನು ನಕ್ಕರೆ ಆ ಪುಣ್ಯಾತ್ಮ ನಗಲೇ ಇಲ್ಲ. ಅಕ್ಕ ಇನ್ನೇನು ಬರುತ್ತಾಳೆ, ಊಟ ಮುಗಿಸಿ ಬಸ್ ಹತ್ತಿದೆ ಎಂದು ಸಂದೇಶ ಹಾಕಿದ್ದಾಳೆ, ಈಗ ಅವಳು ಫೋನ್ ಮಾಡುವುದಿಲ್ಲ, ಮಾಡಿ ಏನು ಮಾಡಿಯಾಳು, ಗಂಟಲಿನ ಆಪರೇಷನ್ ಆದಮೇಲೆ ಉಳಿದದ್ದು ಪಿಸುಮಾತು ಮಾತ್ರ, ಅದೂ ಎದುರಿಗೆ ಕೂತು ತುಟಿ ನೋಡಿದರೆ ತಿಳಿಯುವಷ್ಟು. ಇಷ್ಟು ದಿನ ಕೇಳೋ ಧೈರ್ಯ ಇರ್ಲಿಲ್ಲ, ಇವತ್ತು ಕೇಳ್ತೀನಿ, ತೆಗೆದಿಡು ಎಂದಿದ್ದಾಳೆ, ಆಪರೇಷನ್ನಿಗೆ ಮುಂಚೆ ಒಂದು ಮಧ್ಯಾಹ್ನವಿಡೀ ಇದೇ ಮೈಕಿನ ಮುಂದೆ ನಿಂತು ಇಟ್ಟು ಹೋದ ದನಿಯನ್ನು.

ಎಂಥ ಮಧ್ಯಾಹ್ನ ಅದು, ಅವಳಿಗೆ ಹೆಡ್‌ಫೋನ್ ಬಿಗಿ, ಕೋಣೆ ಸೆಕೆ, ಫ್ಯಾನ್ ಹಾಕಿದರೆ ಮೈಕಿಗೆ ಕಾಟ, ಹಾಕದಿದ್ದರೆ ಅಕ್ಕನ ಕಾಟ, ಏ ಗುಂಡಾ, ನಿನ್ನ ಈ ಗೂಡಲ್ಲಿ ನನ್ನ ಬೇಯಿಸಿ ತಿಂತೀಯೇನೋ — ಗುಂಡ ಎಂದು ಕರೆಯುವವಳು ಅವಳೊಬ್ಬಳೇ, ಹುಟ್ಟಿದಾಗ ದುಂಡಗಿದ್ದನಂತೆ, ಈಗ ಒಣಕಲು ಕಡ್ಡಿಯಾದರೂ ಅವಳಿಗೆ ಗುಂಡನೇ — ಒಂದು ಸಾಲು ಹಾಡುವಳು, ನಿಲ್ಲಿಸುವಳು, ಛೇ ಶ್ರುತಿ ಬಿಟ್ಟೆ, ನೀನಾದ್ರೂ ಹೇಳಬಾರ್ದೇನೋ, ಅಪ್ಪ ಇದ್ದಿದ್ರೆ ಇಬ್ಬರ ಕಿವೀನೂ ಹಿಂಡೋರು, ಅಷ್ಟಕ್ಕೆ ಅಪ್ಪ ಬಚ್ಚಲಲ್ಲಿ ಹಾಡುತ್ತಿದ್ದುದರ ಅಣಕ, ತನ್ನ ಅಣಕಕ್ಕೆ ತಾನೇ ನಕ್ಕು, ಕೆಮ್ಮಿ, ನೀರು ಕುಡಿದು, ರೆಕಾರ್ಡ್ ಆಗ್ತಾ ಇದೆಯೇನೋ ಇದೆಲ್ಲ, ಆಗ್ತಿದೆ ಅಕ್ಕ, ಆಗ್ಲಿ ಬಿಡು, ಎಲ್ಲಾ ಇರ್ಲಿ. ಎಲ್ಲಾ ಇರ್ಲಿ ಅಂದಳೇ? ಅಂದಳು. ಟಕ್. ಪಟ್ಟಿ ಸರಸರನೆ ಮುಂದೆ ಹೋಯಿತು, ಕಸವಿಲ್ಲದಿದ್ದರೆ ಹೀಗೆಯೇ, ಹೋದ ವಾರ ಅವನು ಮಾಡಿದ್ದು ಅದೇ ತಾನೇ, ಹೊಸದು ಹಳೆಯದಕ್ಕಿಂತ ಚಿಕ್ಕದು, ಎಲ್ಲ ಹಿಡಿಸಬೇಕಾದರೆ ಮೈ ಇಳಿಸಬೇಕು, ಒಂದೊಂದೇ ಹಾಡು ತೆರೆದು, ಬಳಸದ ಆಡಿಯೊ ಅಳಿಸು ಎನ್ನುವ ಬಟನ್ ಒತ್ತುತ್ತ ಹೋದದ್ದು, ಖಚಿತವೇ ಎಂದು ಅದು ಕೇಳುವುದು, ಹೌದು ಎಂದು ಇವನು ಒತ್ತುವುದು, ಖಚಿತವೇ, ಹೌದು, ಖಚಿತವೇ, ಹೌದು, ಮನೆ ಗುಡಿಸಿದಷ್ಟು ಹಿತವಾಗಿತ್ತು, ಹಾಡಿನಲ್ಲಿ ಇಲ್ಲದ ತುಂಡುಗಳೆಲ್ಲ ಹೋಗುತ್ತವೆ, ಹಾಡಿಗೆ ಏನೂ ಆಗುವುದಿಲ್ಲ, ಹಾಡಿನಲ್ಲಿ ಇಲ್ಲದ ತುಂಡು — ಇಲ್ಲದ —

ಅಕ್ಕನ ಹಾಡು ಹೊಸದಕ್ಕೆ ಬಂದಾಗಿತ್ತು, ಒತ್ತಿದ, ರೆಪ್ಪೆ ಬಡಿಯುವುದರೊಳಗೆ ತೆರೆದುಕೊಂಡಿತು, ಅಷ್ಟು ವೇಗ ಯಾರಿಗೆ ಬೇಕಿತ್ತು, ಪರದೆಯ ತುಂಬ ಅವಳ ದನಿಯ ನೀಲಿ ಅಲೆ, ಅದರ ಎಡಗಡೆಯ ಅಂಚು ಬ್ಲೇಡಿನಲ್ಲಿ ಕುಯ್ದ ಹಾಗೆ ನೆಟ್ಟಗೆ. ಅವನೇ ಕುಯ್ದದ್ದು, ಅವಳು ಹಾಡಿ ಮನೆಗೆ ಹೋದ ಸಂಜೆಯೇ, ಹುಟ್ಟುಗುಣ ಸುಟ್ಟರೂ ಹೋಗದು, ಯಾರ ದನಿ ಬಂದರೂ ಹಾಡಿನ ಹಿಂದುಮುಂದಿನ ಉಸಿರು, ಕೆಮ್ಮು, ಮಾತು ಕತ್ತರಿಸಿ, ಉಳಿದದ್ದನ್ನು ಬೆಸೆದು ಶುದ್ಧವಾದ ಹೊಸ ತುಂಡು ಮಾಡಿಡುವುದು ಕೈಗೆ ಅಂಟಿದ ಚಾಳಿ, ಕತ್ತರಿಸಿದ್ದೇನೂ ಕಳೆದುಹೋಗುವುದಿಲ್ಲ, ಮೂಲ ರೆಕಾರ್ಡಿಂಗ್ ಡಿಸ್ಕಿನಲ್ಲಿ ಇದ್ದೇ ಇರುತ್ತದೆ, ಬೇಕಾದಾಗ ತೆಗೆದುಕೊಂಡರಾಯಿತು, ಇದ್ದೇ ಇತ್ತು, ಹೋದ ವಾರದವರೆಗೂ ಇತ್ತು. ಖಚಿತವೇ, ಹೌದು. ಬ್ಯಾಕಪ್? ಶುಚಿ ಮಾಡಿದ ಮೇಲೆ ಹಳೆಯ ಬ್ಯಾಕಪ್ಪನ್ನು ಅಳಿಸಿ ಹೊಸತಾಗಿ ಮಾಡಿದ್ದು, ಜಾಣ, ಮಹಾ ಜಾಣ. ಅಳಿಸಿದ್ದನ್ನು ಹೆಕ್ಕಿ ಕೊಡುವವರಿದ್ದಾರೆ, ಹೋಗಿ ಕಾಲು ಹಿಡಿಯಬಹುದು, ಆದರೆ ಡಿಸ್ಕಿನ ಅದೇ ಜಾಗದ ಮೇಲೆ ವಾರವಿಡೀ ಸೋಪಿನ ಜಾಹೀರಾತಿನ ಕೋರಸ್ ಬರೆದಾಗಿದೆ, ಅಕ್ಕ ನಕ್ಕದ್ದರ ಮೇಲೆ, ಬೈದದ್ದರ ಮೇಲೆ, ಎಲ್ಲದರ ಮೇಲೆ ಸೋಪು. ಅವನು ಕೂತ, ಎದ್ದ, ಹಾಡಂತೂ ಇದೆಯಲ್ಲ, ಹಾಡು ಕೇಳುವುದಕ್ಕೆ ತಾನೇ ಅವಳು ಬರುತ್ತಿರುವುದು, ಶ್ರುತಿ ಅಪ್ಪಟ, ಒಂದು ಕೆಮ್ಮಿಲ್ಲ, ಅವಳೇ ಭೇಷ್ ಅನ್ನುತ್ತಾಳೆ, ಹಾಡಿದೆಯಲ್ಲ, ಹಾಡಿದೆ — ಯಾರೋ ಬಾಗಿಲು ತಟ್ಟುತ್ತಿದ್ದಾರೆ, ಯಾರೋ ಏನು, ಅಕ್ಕನೇ.

ಬಂದವಳು ಕುತ್ತಿಗೆಗೆ ಸುತ್ತಿದ ಬಟ್ಟೆ ಸರಿಪಡಿಸಿಕೊಂಡು, ಬೆವರು ಒರೆಸಿಕೊಂಡು, ಸ್ಪೀಕರಿನ ಎದುರು ತಾನೇ ಕುರ್ಚಿ ಎಳೆದು ಕೂತಳು, ತೆಳ್ಳಗಾಗಿದ್ದಾಳೆ, ಕಣ್ಣು ಮಾತ್ರ ಅದೇ ತುಂಟ ಕಣ್ಣು. ಹಾಡು ಹಾಕ್ಲಾ ಅಕ್ಕ. ಅವಳು ತಲೆ ಅಡ್ಡಡ್ಡ ಆಡಿಸಿದಳು, ತುಟಿ ಅಲುಗಿತು, ಅವನು ಬಾಗಿ ನೋಡಿದ, ಹಾಡು ಬೇಡ ಕಣೋ, ಹಾಡೋವಾಗ ಎಲ್ಲರೂ ಬೇರೆಯೋರೇ ಆಗಿರ್ತಾರೆ, ನಿನ್ನ ಬೈದ್ನಲ್ಲ, ಅದು ಹಾಕು, ನಾನು ಮಾತಾಡಿದ್ರೆ ಹೇಗಿರ್ತಿತ್ತು ಅಂತ ನಂಗೇ ಮರ್ತು ಹೋಗ್ತಿದೆ ಗುಂಡಾ. ಹೇಳಬೇಕು, ಈಗಲೇ ಹೇಳಿಬಿಡಬೇಕು, ಅಕ್ಕ ಅದು ಏನಾಯ್ತು ಅಂದ್ರೆ ಎಂದು ಬಾಯಿ ತೆರೆಯುವಷ್ಟರಲ್ಲಿ ಕೈ ತನ್ನ ಪಾಡಿಗೆ ತಾನು ಪರದೆಯ ಮೇಲೆ ದನಿಯ ಜೊತೆ ಓಡುವ ಗೆರೆಯನ್ನು ಹಾಡಿಗಿಂತ ಬಹಳ ಹಿಂದಕ್ಕೆ ಎಳೆದು ಬಿಟ್ಟುಬಿಟ್ಟಿದೆ, ಗೆರೆ ಸರಿಯುತ್ತಿದೆ, ಖಾಲಿಯ ಮೇಲೆ, ಅಕ್ಕ ಕಣ್ಣು ಮುಚ್ಚಿ ಮುಗುಳ್ನಗುತ್ತ ಕಾಯುತ್ತಿದ್ದಾಳೆ ತನ್ನ ಬೈಗುಳಕ್ಕೆ, ಇನ್ನೂ ಕಾಯುತ್ತಿದ್ದಾಳೆ, ಮುಂದೆ ಆ ಅಂಚು, ಹತ್ತಿರ ಬಂತು, ಬ್ಲೇಡಿನಲ್ಲಿ ಕುಯ್ದ ಹಾಗೆ ನೆಟ್ಟಗೆ, ಅದರ ಎಡಕ್ಕೆ ಏನೂ ಇಲ್ಲ, ನೆಟ್ಟಗಿನ ಅಂಚು, ಎಡಕ್ಕೆ ಏನೂ ಇಲ್ಲ, ಅಂಚು —